ಕಣಕದ ಅಳತೆ

ಆ ಎಂಜಿನ್ ಒಡೆದದ್ದು ಗುರುಪಾದಪ್ಪ ಕಾಕಾ ಅವರ ಅಳತೆ ತಪ್ಪಿದ್ದರಿಂದ ಅಲ್ಲ. ಒಡೆದವನು ನಾನು. ಅವರು ಆರಿಸಿ ಕೂಡಿಸಿದ್ದ ಭಾಗವನ್ನು ಅವರು ಊರಲ್ಲಿಲ್ಲದಾಗ ತೆಗೆದು, ಅವರು ಬೇಡವೆಂದದ್ದನ್ನು ಹಾಕಿದೆ. ಎಂಜಿನ್ ಒಡೆದ ಮೇಲೆ, ಯಾರೂ ನೋಡುವ ಮೊದಲು, ಮತ್ತೆ ಅವರದನ್ನೇ ಕೂಡಿಸಿಟ್ಟೆ. ತಪ್ಪು ಅವರ ತಲೆಗೆ ಬಂತು, ನಾನು ಸುಮ್ಮನಿದ್ದೆ. ವಿಷಯ ಇಷ್ಟೇ — ಆದರೆ ಇಷ್ಟನ್ನು ಬರೆಯುವುದಕ್ಕೆ ನನಗೆ ಹದಿನೆಂಟು ವರ್ಷ ಹಿಡಿಯಿತು. ಹಾಗಾಗಿ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ನನ್ನ ಅಪ್ಪ ಮತ್ತು ಅವರು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಾಲೊನಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ತೆಲುಗು, ಕನ್ನಡ ಮಾತ್ರ ಆ ಎರಡು ಮನೆಗಳ ಒಳಗೆ; ಅದರ ಅಕ್ಷರ ನನಗೆ ಅಪ್ಪ ಕಲಿಸಿದ್ದು. ಅವರು ಬಾಗಲಕೋಟೆ ಕಡೆಯವರು; ಪ್ರಕಾಶನಾದ ನನ್ನನ್ನು ಪಕ್ಯಾ ಎನ್ನುತ್ತಿದ್ದರು. ಮೂವತ್ತು ವರ್ಷ ತಪಾಸಣೆ ವಿಭಾಗದಲ್ಲಿದ್ದರು, ಅಂದರೆ ಬೇರೆಯವರು ಮಾಡಿದ ಭಾಗಗಳನ್ನು ಅಳೆದು, ಸರಿಯಿದ್ದರೆ ಮೊಹರು ಹಾಕುವ ಕೆಲಸ. ಅವರ ಮೊಹರು ಬಿದ್ದ ಭಾಗವನ್ನು ಮತ್ತೆ ಯಾರೂ ಮುಟ್ಟುವಂತಿರಲಿಲ್ಲ. ನಿವೃತ್ತಿಯ ದಿನ ಮೊಹರನ್ನು ಒಪ್ಪಿಸಿ ಬಂದರು. ಅಳತೆ ಮಾಡುವ ವರ್ನಿಯರ್ ಕ್ಯಾಲಿಪರ್ ಅವರ ಸ್ವಂತದ್ದು, ಅದು ಮರದ ಪೆಟ್ಟಿಗೆಯಲ್ಲಿ ಮನೆಗೆ ಬಂತು.

ನಾನು ಆಗ ಮಾಧಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಆ ವರ್ಷಗಳಲ್ಲಿ ಅಲ್ಲಿ ಬಂಡೆ ಒಡೆಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ, ಇವತ್ತು ಬಂಡೆಯಿದ್ದ ಕಡೆ ಬರುವ ವರ್ಷ ಗಾಜಿನ ಕಟ್ಟಡ. ನಮ್ಮಂಥ ಹುಡುಗರ ಕೈಯಲ್ಲಿ ಮೊದಲ ಬಾರಿಗೆ ದುಡ್ಡು ಓಡಾಡುತ್ತಿತ್ತು. ಕೆಲವರು ಫ್ಲ್ಯಾಟ್ ಕೊಂಡರು. ನಾನು ಒಂದು ಹಳೆಯ ಸಣ್ಣ ಕಾರು ಕೊಂಡೆ, ಡ್ರ್ಯಾಗ್ ರೇಸಿಗೆ. ಊರ ಹೊರಗಿನ ಬಳಕೆಯಿಲ್ಲದ ರನ್‌ವೇ ಮೇಲೆ ಭಾನುವಾರ ಬೆಳಿಗ್ಗೆ ಎರಡೆರಡು ಕಾರು ನಿಲ್ಲಿಸಿ ನೆಟ್ಟಗೆ ಕಾಲು ಮೈಲು ಓಡಿಸುವ ಪಂದ್ಯ ಅದು. ಆಫೀಸಿನವರೆಲ್ಲ ಟರ್ಬೊ ಹಾಕಿಸುತ್ತಿದ್ದರು — ಅದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ನನಗೆ ಅದು ಬೇಡವಾಗಿತ್ತು. ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳುವ ಎಂಜಿನ್ ಕಟ್ಟಬೇಕು, ಭಾಗ ಭಾಗವನ್ನೂ ಲೆಕ್ಕ ಹಾಕಿ ಆರಿಸಬೇಕು, ಲೆಕ್ಕ ನನ್ನದೇ ಇರಬೇಕು. ಹಟ ಅನ್ನಿ, ಜಂಬ ಅನ್ನಿ.

ಮೆಹದಿಪಟ್ಟಣಂನಲ್ಲಿ ಇಮ್ರಾನ್ ಎಂಬ ಗೆಳೆಯನ ಗ್ಯಾರೇಜಿತ್ತು. ಕೆಲಸ ಅಲ್ಲಿ ಶುರುವಾಯಿತು. ಕಾಕಾ ನಿವೃತ್ತರಾಗಿ ಎರಡು ವರ್ಷ ಮನೆಯಲ್ಲೇ ಕೂತಿದ್ದರು. ನಾನೇ ಹೋಗಿ ಕರೆದುಕೊಂಡು ಬಂದೆ. ಅವರು ಒಂದು ಪಿಸ್ಟನ್ ಎತ್ತಿ ಬೆಳಕಿಗೆ ಹಿಡಿದು ನೋಡಿದ ರೀತಿಯನ್ನು ನೋಡಿ ಇಮ್ರಾನ್ ನನ್ನ ಕಿವಿಯಲ್ಲಿ ಹೇಳಿದ — ಈ ಕಾರು ಒಡೆಯದೆ ಓಡಿದರೆ ನಾನು ಎಂಜಿನ್ ವಿಭಾಗವನ್ನೇ ಬೇರೆ ಮಾಡುತ್ತೇನೆ, ಚಾಚಾ ಅದನ್ನು ನೋಡಿಕೊಳ್ಳಲಿ. ಅದನ್ನು ಕಾಕಾಗೂ ಹೇಳಿದ. ಕಾಕಾ ಪಿಸ್ಟನ್ನನ್ನು ಒರೆಸಿ ಕೆಳಗಿಟ್ಟರು. ಆದರೆ ಶಾಂತಾ ಕಾಕು, ಅವರ ಹೆಂಡತಿ, ನನ್ನ ಅವ್ವನ ಮುಂದೆ ಹೇಳಿದ್ದು ನನಗೆ ಕೇಳಿಸಿತ್ತು: "ಮನಿಯಾಗ ಕುಂತು ಕುಂತು ಗ್ವಾಡಿ ನೋಡಾಕತ್ತಿದ್ರುರಿ ವೈನಿ. ಈಗ ನೋಡ್ರಿ, ಮುಂಜಾನೆ ಎದ್ದ ಕೂಡ್ಲೆ ಗಡ್ಡಾ ಮಾಡ್ಕೋತಾರ."

ಆರು ತಿಂಗಳು ಭಾಗಗಳನ್ನು ಆರಿಸುವುದರಲ್ಲೇ ಹೋಯಿತು. ಹಗುರ ಪಿಸ್ಟನ್, ಗಟ್ಟಿ ವಾಲ್ವ್ ಸ್ಪ್ರಿಂಗ್, ಕೊನೆಗೆ ಕ್ಯಾಮ್‌ಶಾಫ್ಟ್. ಉಬ್ಬುಗಳಿರುವ ಒಂದು ದಂಡ ಅದು. ಉಬ್ಬು ಒತ್ತಿದಾಗ ವಾಲ್ವ್ ಕೆಳಗಿಳಿದು ಬಾಯಿ ತೆರೆಯುತ್ತದೆ. ಉಬ್ಬು ದೊಡ್ಡದಾದಷ್ಟೂ ಗಾಳಿ ಹೆಚ್ಚು, ಆದರೆ ವಾಲ್ವ್ ತೀರ ಕೆಳಗಿಳಿದರೆ ಮೇಲೆ ಬರುವ ಪಿಸ್ಟನ್ನಿಗೆ ಬಡಿಯುತ್ತದೆ. ಎರಡು ಕ್ಯಾಮ್ ತರಿಸಿದ್ದೆ, ಒಂದರ ಉಬ್ಬು ಸಣ್ಣದು, ಇನ್ನೊಂದರದು ದೊಡ್ಡದು. ಆನ್‌ಸೈಟ್‌ಗೆ ಎಂದು ವಿದೇಶಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ನನ್ನ ಮನಸ್ಸು ದೊಡ್ಡದರ ಮೇಲಿತ್ತು.

ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂದು ನೋಡಲು ಬೇರೆಯವರು ಮಕ್ಕಳ ಆಟದ ಜೇಡಿಮಣ್ಣು ಬಳಸುತ್ತಾರೆ. ಕಾಕಾಗೆ ಅದರ ಮೇಲೆ ನಂಬಿಕೆಯಿಲ್ಲ. ಅವರಿಗೆ ಬೇಕಾದದ್ದು ಕಣಕ — ಹೋಳಿಗೆಗೆ ಕಲಸುತ್ತಾರಲ್ಲ, ಅದೇ. ಕಾಕು ಎಣ್ಣೆ ಹಾಕಿ ನಾದಿ, ಒಂದು ತಾಸು ನೆನೆಯಲು ಬಿಟ್ಟು, ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಡಬೇಕು. ನೆನೆಯದ ಕಣಕ ಒತ್ತಿದರೂ ಮತ್ತೆ ಉಬ್ಬಿ ಬರುತ್ತದೆ, ಇರುವುದಕ್ಕಿಂತ ಹೆಚ್ಚು ಸಂದು ತೋರಿಸುತ್ತದೆ. ನೆನೆದ ಕಣಕ ಒತ್ತಿದಲ್ಲೇ ಇರುತ್ತದೆ. ಕಾಕಾ ಅದನ್ನು ಪಿಸ್ಟನ್ನಿನ ತಲೆಯ ಮೇಲೆ ಹಚ್ಚಿ, ಎಂಜಿನ್ ಮುಚ್ಚಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಒತ್ತಿಹೋದ ಕಣಕವನ್ನು ಬ್ಲೇಡಿನಿಂದ ಕೊಯ್ದು ವರ್ನಿಯರ್ ಹಿಡಿಯುತ್ತಿದ್ದರು. ಇಮ್ರಾನ್ ನಗುತ್ತಿದ್ದ, "ಚಾಚಾ, ಎಂಜಿನ್ನಿಗೂ ಹೋಳಿಗೆ ಬಡಿಸ್ತೀರಾ?" ಎಂದು ಹಿಂದಿಯಲ್ಲಿ ಕೇಳುತ್ತಿದ್ದ. ಕಾಕಾ ಮೂರು ಸಲ ಅಳೆಯದೆ ತಲೆಯೆತ್ತುತ್ತಿರಲಿಲ್ಲ.

ದೊಡ್ಡ ಕ್ಯಾಮ್ ಹಾಕಿದಾಗ ಉಳಿದ ಸಂದು ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಸಣ್ಣದಕ್ಕೆ ಎರಡು ಪಾಯಿಂಟ್ ಮೂರು. ಒಂದು ಸಾಕು ಎಂದು ನಾನು ಕಂಪ್ಯೂಟರಿನ ಲೆಕ್ಕದ ಹಾಳೆಗಳನ್ನು ಅವರ ಮುಂದೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು — ಅದನ್ನು ಹೇಳಲೇಬೇಕು, ಪೂರ್ತಿ ನೋಡಿದರು.

"ಲೆಕ್ಕಾ ಚಂದ ಐತಿ ಪಕ್ಯಾ. ಆದ್ರ ಜೋರು ತಿರಗಾಕ ಹತ್ತಿದ ಮ್ಯಾಲೆ ಕ್ಯಾಮ್ ತಿರಗಸೋ ಬೆಲ್ಟ್ ಜಗ್ತೈತಿ, ಸ್ಪ್ರಿಂಗ್ ಕುಣೀತೈತಿ. ಅದು ನಿನ್ನ ಕಂಪ್ಯೂಟರ್ ಡಬ್ಬಿಗಿ ಗೊತ್ತೈತೇನು? ಸಣ್ಣದ ಹಾಕು."

ಸಣ್ಣದನ್ನೇ ಹಾಕಿದೆವು. ಮೇಲಿನ ಮುಚ್ಚಳದ ಒಳಮೈಯಲ್ಲಿ ಕಾಕಾ ಪೆನ್ಸಿಲಿನಿಂದ ೨.೩ ಎಂದು ಬರೆದು, ಪಕ್ಕದಲ್ಲಿ "ಗು" ಎಂದು ಗುರುತು ಹಾಕಿದರು. ಅವರಿಗೀಗ ಮೊಹರಿನ ಬದಲು ಅದೇ. ಮರುದಿನ ಕಲಬುರಗಿಯ ಒಂದು ಮದುವೆಗೆ ಹೋದರು, ಭಾನುವಾರ ರಾತ್ರಿ ಬರುವವರಿದ್ದರು.

ಶನಿವಾರ ಬೆಳಿಗ್ಗೆ ನಾನು ಮುಚ್ಚಳ ಬಿಚ್ಚಿದೆ. ವಾಲ್ವ್ ಮೇಲಿನ ಟ್ಯಾಪೆಟ್ ಸರಿಮಾಡುತ್ತಿದ್ದೇನೆ ಎಂದು ಇಮ್ರಾನ್‌ಗೆ ಹೇಳಿದೆ; ಅವನು ಬೇರೊಂದು ಕಾರಿನ ಅಡಿಯಲ್ಲಿದ್ದ. ಆ ಪೆನ್ಸಿಲ್ ಗುರುತು ಕಂಡಿತು. ಕಾಣಲಿಲ್ಲ ಎನ್ನುವ ಹಾಗಿಲ್ಲ, ಕಣ್ಣಿಗೆ ನೇರವಾಗೇ ಇತ್ತು. ಮುಚ್ಚಳವನ್ನು ಮಗುಚಿಟ್ಟು ಸಣ್ಣ ಕ್ಯಾಮ್ ತೆಗೆದು ದೊಡ್ಡದನ್ನು ಕೂಡಿಸಿದೆ. ಗೆದ್ದು ಬಂದು ಕಾಕಾಗೆ ನಗುನಗುತ್ತ ಹೇಳಬೇಕೆಂದಿದ್ದೆ — ನೋಡ್ರಿ, ನನ್ನ ಡಬ್ಬಿಗೆ ಗೊತ್ತಿತ್ತು ಎಂದು.

ಭಾನುವಾರ ಮೊದಲ ಓಟ ಚೆನ್ನಾಗಿಯೇ ಆಯಿತು. ಆ ಕಾರು ಅಷ್ಟು ಬೇಗ ಎಂದೂ ಓಡಿರಲಿಲ್ಲ. ಎರಡನೇ ಓಟದಲ್ಲಿ, ಮೂರನೇ ಗೇರಿನಲ್ಲಿ, ಒಂದು ಸದ್ದು ಬಂತು, ಆಮೇಲೆ ಏನೂ ಇಲ್ಲ. ಕಾರು ತಾನಾಗಿ ನಿಧಾನವಾಗಿ ನಿಂತಿತು. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಏನಾಗಿದೆ ಎಂದು ಬಿಚ್ಚಿ ನೋಡುವ ಅಗತ್ಯ ನನಗಿರಲಿಲ್ಲ.

ಕಾರನ್ನು ಎಳೆದುಕೊಂಡು ಗ್ಯಾರೇಜಿಗೆ ತಂದಾಗ ಮಧ್ಯಾಹ್ನ. ಇಮ್ರಾನ್ ನಮಾಜಿಗೆ ಹೋಗಿ, ಊಟ ಮಾಡಿ, ಸ್ವಲ್ಪ ಅಡ್ಡಾಗಿ ಬರುತ್ತೇನೆಂದ. ನನ್ನದು ಒಂದೂವರೆ ತಾಸಿನ ಕೆಲಸ. ದೊಡ್ಡ ಕ್ಯಾಮ್ ತೆಗೆದೆ, ಸಣ್ಣದನ್ನು ಕೂಡಿಸಿದೆ, ಮುಚ್ಚಳ ಹಾಕಿದೆ. ದೊಡ್ಡದನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟೆ. ಯಾಕೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿದ್ದೇನೆ. ಹೆದರಿಕೆ ಎಂದರೆ ಅರ್ಧ ನಿಜ. ಉಳಿದರ್ಧ — ಲೆಕ್ಕ ತಪ್ಪಿದವನು ನಾನಾಗಬಾರದಿತ್ತು, ಅಷ್ಟೇ. ಆ ಹೊತ್ತಿನಲ್ಲಿ ಇನ್ಯಾರು ಆಗುತ್ತಾರೆ ಎಂದು ಯೋಚಿಸಲಿಲ್ಲ. ಅಥವಾ ಯೋಚಿಸಿದ್ದೆನೋ…

ಸೋಮವಾರ ಕಾಕಾ ಬಂದರು. ಎಂಜಿನ್ ಬಿಚ್ಚಿದೆವು. ಒಂದನೇ ಸಿಲಿಂಡರಿನ ವಾಲ್ವ್ ಬಾಗಿ ಮುರಿದು ಪಿಸ್ಟನ್ನಿನೊಳಗೆ ಹೊಕ್ಕಿತ್ತು. ಕಾಕಾ ಮುಚ್ಚಳವನ್ನು ಮಗುಚಿ ತಮ್ಮ ೨.೩ ಅನ್ನು ನೋಡಿದರು.  ಆಮೇಲೆ ಮರದ ಪೆಟ್ಟಿಗೆ ತೆರೆದು ವರ್ನಿಯರ್ ಕೈಗೆ ತೆಗೆದುಕೊಂಡರು.

"ಉಳಿದ ಮೂರು ಸಿಲಿಂಡರ್ ಚಲೋ ಅದಾವು. ಮನಿಂದ ಕಣಕ ತರಸ್ತೀನಿ. ಇನ್ನೊಮ್ಮಿ ಅಳದ ನೋಡೂಣು."

ಅಳೆದಿದ್ದರೆ ಎರಡು ಪಾಯಿಂಟ್ ಮೂರೇ ಬರುತ್ತಿತ್ತು. ಸಣ್ಣ ಕ್ಯಾಮಿನಿಂದ ಈ ಎಂಜಿನ್ ಒಡೆಯುವುದು ಸಾಧ್ಯವೇ ಇಲ್ಲ ಎಂದು ಅವರಿಗೆ ಅರ್ಧ ದಿನದಲ್ಲಿ ಗೊತ್ತಾಗುತ್ತಿತ್ತು. ಅದು ನನಗೆ ಗೊತ್ತಿತ್ತು, ಆದ್ದರಿಂದಲೇ ಬಾಯಿ ತೆರೆದೆ.

"ಬಿಡ್ರಿ ಕಾಕಾ. ವಯಸ್ಸಾದ ಮ್ಯಾಲೆ ಎಲ್ಲಾರಿಗೂ ಹಿಂಗ ಅಕ್ಕೈತಿ."

ಮೆತ್ತಗೆ, ಸಮಾಧಾನ ಮಾಡುವವರ ಹಾಗೆ ಹೇಳಿದೆ. ಕಾಕಾ ನನ್ನನ್ನು ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು. ವರ್ನಿಯರನ್ನು ಮುಚ್ಚಿ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು. "ನಿನ್ನ ಕಡೇನ ಇರ್ಲಿ ಇದು" ಎಂದರು. ನಾನು ತೆಗೆದುಕೊಂಡೆ. ಇಮ್ರಾನ್ ಪಾಪ, ಮರ್ಯಾದೆಯಿಂದಲೇ ಹೇಳಿದ, "ಚಾಚಾ, ಆಪ್ ಅಬ್ ಆರಾಮ್ ಕರೋ" — ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು. ಎಂಜಿನ್ ವಿಭಾಗದ ಮಾತು ಮತ್ತೆ ಬರಲಿಲ್ಲ. ಕಾಕಾ ಆಮೇಲೆ ಗ್ಯಾರೇಜಿಗೆ ಬರಲಿಲ್ಲ.

ಅದೇ ವಾರ ನಾನೊಬ್ಬನೇ ಎರಡನೇ ಸಿಲಿಂಡರಿನಲ್ಲಿ ಜೇಡಿ ಇಟ್ಟು, ಅವರದೇ ವರ್ನಿಯರಿನಿಂದ ಅಳೆದೆ. ಎರಡು ಪಾಯಿಂಟ್ ಮೂರು. ಯಾರಿಗೂ ಹೇಳಲಿಲ್ಲ.

ಕಾಕಾ ಇನ್ನೂ ಒಂಬತ್ತು ವರ್ಷ ಬದುಕಿದ್ದರು. ಮನೆಯಲ್ಲಿ ಗೋಡೆಗೆ ಒಂದು ಹಲಗೆ ಹೊಡೆಯಬೇಕಾದರೂ "ಯಾರರೆ ತಿಳದವ್ರನ ಕರೀರಿ" ಎನ್ನುತ್ತಿದ್ದರು. ನಾನು ಹಬ್ಬಹಬ್ಬಕ್ಕೆ ಹೋಗುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ, ಆಫೀಸಿನ ಸುದ್ದಿ ಹೇಳುತ್ತಿದ್ದೆ. ಅವರು ಕೇಳಿ ಸಂತೋಷಪಡುತ್ತಿದ್ದರು. ಅವರು ಹೋದ ದಿನ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ನಾಚಿಕೆಯಾಗಿತ್ತೇ ಎಂದರೆ, ಆಗಿತ್ತು. ಆದರೂ ಹೆಗಲು ಕೊಟ್ಟೆ.

ಹೋದ ತಿಂಗಳು ಕಾಕುವನ್ನು ನೋಡಲು ಹೋಗಿದ್ದೆ. ಈಗ ಮೆಹದಿಪಟ್ಟಣಂನಲ್ಲಿ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಸುಕು. ಹೇಳಿಬಿಡಬೇಕೆಂದೇ ಹೋಗಿದ್ದೆ — ಇನ್ನು ಕೇಳಿಸಿಕೊಳ್ಳಲು ಉಳಿದವರು ಅವರೊಬ್ಬರೇ. ಮಗಳು ಸುಲ್ತಾನ್ ಬಜಾರಿನ ಅಂಗಡಿಯಿಂದ ತಂದ ಹೋಳಿಗೆ ಬಡಿಸಿದಳು. ಅವರ ಮನೆಯಲ್ಲಿ ಹೋಳಿಗೆ ಅಂಗಡಿಯಿಂದ ಬರಲು ಶುರುವಾಗಿ ಬಹಳ ವರ್ಷವಾಗಿತ್ತು. ಕಾಕುಗೆ ಕೈಲಾಗುವುದಿಲ್ಲ ಎಂದುಕೊಂಡಿದ್ದೆ. ಮಗಳು ಒಳಗೆ ಹೋದ ಮೇಲೆ ಕಾಕು ನನ್ನ ಕೈ ಹಿಡಿದು ಹತ್ತಿರಕ್ಕೆಳೆದರು.

"ಪ್ರಕಾಶಾ, ಒಂದ ಮಾತ ಹೇಳ್ತೀನಿ, ಬೈಬ್ಯಾಡ. ಆವತ್ತ ಕಣಕ ನೆನೀಲಿಕ್ಕೆ ಬಿಟ್ಟಿರಲಿಲ್ಲೊ. ನಳಾ ಬಂದಿತ್ತು, ಎರಡ ದಿನದ ಮ್ಯಾಲೆ ಬಂದಿತ್ತು, ನೀರ ತುಂಬೋ ಗಡಿಬಿಡ್ಯಾಗ ಹಂಗ ಕಲಸಿ ಡಬ್ಬಿಗಿ ಹಾಕಿ ಕೊಟ್ಟೆ. ಅದು ಉಬ್ಬಿ ಬಂದು ಜಾಸ್ತಿ ತೋರಸ್ತು. ಅವರ ಕೈ ತಪ್ಪಿರಲಿಲ್ಲೊ, ನಂದ ತಪ್ಪು. ಒಂಬತ್ತ ವರ್ಷ ಅವರ ಮಾರಿ ನೋಡಕೊಂತ ಇದ್ದೆ, ಹೇಳಾಕ ಧೈರ್ಯ ಆಗ್ಲಿಲ್ಲ. ಮುಂದ ಕಣಕಾನ ಮುಟ್ಟಲಿಲ್ಲ ನಾ."

ನನ್ನ ಬಾಯಲ್ಲಿ ಹೋಳಿಗೆಯಿತ್ತು. ಅದನ್ನು ನುಂಗಿದೆ. "ಇರ್ಲಿ ಬಿಡ್ರಿ ಕಾಕು, ಹಳೇ ಮಾತು" ಎಂದೆ. ನೀರು ಕುಡಿದು, ಬರುತ್ತೇನೆಂದು ಹೇಳಿ ಮೆಟ್ಟಿಲಿಳಿದು ಬಂದೆ. ನಾನು ಸುಮ್ಮನಿದ್ದದ್ದು ಇದು ಎರಡನೇ ಸಲ. ಮೊದಲ ಸಲ ವಯಸ್ಸು ಇಪ್ಪತ್ತೇಳು ಎನ್ನಬಹುದಿತ್ತು. ಈ ಸಲ ಅದೂ ಇಲ್ಲ.

ಒಬ್ಬ ಮನುಷ್ಯನ ಕೈಯನ್ನು ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ಆ ಮನೆಯಲ್ಲಿ ಇನ್ನೊಬ್ಬರು ಅದೇ ಒಲೆಯ ಮುಂದೆ ಕೂತು ಇಷ್ಟು ವರ್ಷ ತಮ್ಮ ಕೈಯನ್ನೇ ಶಪಿಸಿಕೊಳ್ಳುತ್ತಿದ್ದರು, ನನಗೆ ಗೊತ್ತೇ ಇರಲಿಲ್ಲ. ಆ ಕಣಕ ಗ್ಯಾರೇಜಿಗೆ ಬರುವ ದಾರಿಯಲ್ಲಿ ಡಬ್ಬಿಯೊಳಗೇ ನೆನೆದಿರಬೇಕು.

ಅದಕ್ಕೇ ಇದನ್ನು ಬರೆದದ್ದು. ಬಾಯಿಮಾತಿಗೆ ಹೊರಟರೆ ಮತ್ತೆ ಹೋಳಿಗೆ ನುಂಗಿ ಬರುತ್ತೇನೆ, ನನ್ನನ್ನು ನಾನು ಬಲ್ಲೆ. ಕಾಕುಗೆ ಓದಲು ಕಣ್ಣಿಲ್ಲ. ಮೊಮ್ಮಕ್ಕಳಿಗೆ ತೆಲುಗು ಬರುತ್ತದೆ, ಇಂಗ್ಲಿಷ್ ಬರುತ್ತದೆ, ಮಗಳಿಗೂ ಕನ್ನಡದ ಅಕ್ಷರ ಬಾರದು. ಅಂಚೆಗೆ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಎದುರು ಕೂತು ನಾನೇ ಓದಬೇಕು. ಈ ಭಾನುವಾರ ಬೆಳಿಗ್ಗೆ ಹೋಗುತ್ತೇನೆ. ವರ್ನಿಯರಿನ ಪೆಟ್ಟಿಗೆಯನ್ನೂ ಟವೆಲಿನಲ್ಲಿರುವ ದೊಡ್ಡ ಕ್ಯಾಮನ್ನೂ ಬ್ಯಾಗಿಗೆ ಹಾಕಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅವರು ತಕ್ಷಣ ಕ್ಷಮಿಸಿಬಿಡುತ್ತಾರೆ.

ಮೊದಲಿನಿಂದ ಓದುವುದಿಲ್ಲ. ಅಷ್ಟು ಹೊತ್ತು ಅವರನ್ನು ಕಾಯಿಸಬಾರದು. ಅದಕ್ಕೇ ಈ ಕೊನೆಯ ಸಾಲನ್ನು ಮೊದಲು ಓದುತ್ತೇನೆ: ಕಾಕು, ನಾನು ಆಮೇಲೆ ಅಳೆದು ನೋಡಿದ್ದೆ, ನಿಮ್ಮ ಕಣಕ ಸರಿ ಇತ್ತು.