ಧೂಳು ಹೊಗದ ಗಾಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದಕ್ಕೆಲ್ಲ ಧೂಳೇ ಕಾರಣ ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದ್ದೇನೆ. ಅದರಲ್ಲಿ ಅರ್ಧ ಸುಳ್ಳು.

ನಾನೂ ನನ್ನ ಅಕ್ಕನೂ ಒಣಮೀನು ಮಾರುವವರು. ಮಳೆಗಾಲ ಬರುವ ಮೊದಲಿನ ಎರಡು ತಿಂಗಳು ನಮಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿರುವುದಿಲ್ಲ. ಬ್ರಹ್ಮಾವರದಿಂದ ಹೊರಟು ಕುಂದಾಪುರ ದಾಟಿ, ಬೈಂದೂರಿನ ಒಳಗಿನ ಹಳ್ಳಿಗಳಿಗೆ ಹೋಗಿ ಮೂರು ದಿನ ಅಲ್ಲಲ್ಲೇ ಉಳಿದು ಮಾರಿ ಬರಬೇಕು. ಯಾರ್ಯಾರದೋ ಜಗಲಿಯಲ್ಲಿ ಮಲಗಿ ಸಾಕಾಗಿ, ಒಂದು ಹಳೆಯ ಮೀನಿನ ಗಾಡಿ ಕೊಂಡೆವು. ಹಿಂದೆ ಮಂಜುಗಡ್ಡೆ ಹಾಕಿ ಮೀನು ಸಾಗಿಸುತ್ತಿದ್ದ, ದಪ್ಪ ಗೋಡೆಯ ಪೆಟ್ಟಿಗೆಯಂಥ ಗಾಡಿ ಅದು. ಒಳಗೆ ಎರಡು ಮಂಚದ ಹಲಗೆ, ಒಂದು ಗ್ಯಾಸ್ ಒಲೆ, ಪಾತ್ರೆಗೊಂದು ಗೂಡು. ಒಣಮೀನಿನ ಚೀಲಗಳು ಟಾಪಿನ ಮೇಲೆ. ಮರವಂತೆಯ ಕಡಲ ಬದಿಗೆ ಬರುವ ಪ್ರವಾಸಿಗಳ, ಒಳಗೇ ಉಂಡು ಮಲಗುವ ದೊಡ್ಡ ದೊಡ್ಡ ಗಾಡಿ ನೋಡಿದ್ದ ನೆರೆಯವರಿಗೆ ಇಷ್ಟು ಸಾಕಾಯಿತು. "ಹ್ವಾಯ್, ಕ್ಯಾರವಾನ್ ಎಲ್ಲಿಗ್ ಹೊರ್ಟಿತ್?" ಎಂದು ನಗೆಯಾಡುತ್ತಿದ್ದರು. ನಾವೂ ಹಾಗೆಯೇ ಕರೆಯತೊಡಗಿದೆವು.

ಆ ಪೆಟ್ಟಿಗೆಗೆ ಕಿಟಕಿ ಇರಲಿಲ್ಲ. ಹಿಂದಿನ ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ. ಮೀನು ಒಳಗಿನಿಂದ ಬಾಗಿಲು ತೆಗೆಯುವುದಿಲ್ಲವಲ್ಲ. ಒಳಗೊಂದು ಚಿಲಕ ಹಾಕಿಸಬೇಕು ಎಂದು ಅಕ್ಕ ಹೇಳುತ್ತಲೇ ಇದ್ದಳು, ನಾನು ಹಾಕಿಸುತ್ತೇನೆ ಎನ್ನುತ್ತಲೇ ಇದ್ದೆ.

ಗಾಡಿ ಬಿಡುವವಳು ನಾನು. ಅಕ್ಕ ಹಿಂದೆ ಮಲಗಿಕೊಂಡು ಬರುತ್ತಿದ್ದಳು. ಅವಳಿಗೆ ಸಣ್ಣಂದಿನಿಂದ ಉಬ್ಬಸ. ಸೆರಗಿನ ಗಂಟಿನಲ್ಲಿ ಬಾಯಿಗೆ ಒತ್ತಿಕೊಳ್ಳುವ ಪಂಪು ಯಾವಾಗಲೂ ಇರಬೇಕು. ಮುಂದಿನ ಸೀಟಿನಲ್ಲಿ ಕೂತರೆ ಇಂಜಿನ್ನಿನ ಬಿಸಿ, ತೆರೆದ ಕಿಟಕಿಯ ಧೂಳು. ಹಿಂದೆಯಾದರೆ ಮಲಗಬಹುದು. ಏನಾದರೂ ಬೇಕಾದರೆ ಗೋಡೆಗೆ ಮೂರು ಸಲ ಬಡಿಯಬೇಕು, ನಾನು ನಿಲ್ಲಿಸಬೇಕು ಎಂದು ನಮ್ಮೊಳಗೆ ಮಾತಾಗಿತ್ತು. ಅವಳೋ, ದಾರಿಯಲ್ಲಿ ಗೋಲಿಸೋಡಾ ಕುಡಿಯುವ ಆಸೆಯಾದರೂ ಮೂರು ಸಲ ಬಡಿಯುವವಳು.

ಹೈವೇ ಬಿಟ್ಟು ಒಳಗೆ ತಿರುಗಿದರೆ ಆ ವರ್ಷ ಎಲ್ಲ ಕಡೆ ರಸ್ತೆ ಅಗೆದು ಹಾಕಿದ್ದರು. ಡಾಂಬರು ಕಿತ್ತು ಜಲ್ಲಿ ಸುರಿದು ಹೋದವರು ತಿರುಗಿ ಬರಲೇ ಇಲ್ಲ. ಸಾಲದ್ದಕ್ಕೆ ಕೆಂಪುಕಲ್ಲು ಹೊತ್ತ ಲಾರಿಗಳು. ಒಂದು ಲಾರಿ ಮುಂದೆ ಹೋಯಿತೆಂದರೆ ಮಧ್ಯಾಹ್ನವೂ ದೀಪ ಹಾಕಬೇಕು. ಆ ಧೂಳು ಬರೀ ಮಣ್ಣಲ್ಲ, ಅರೆದ ಮೆಣಸಿನ ಹುಡಿಯ ಹಾಗೆ ನುಣ್ಣಗೆ. ಮೊದಲ ಸಲ ಹೋಗಿ ಬಾಗಿಲು ತೆಗೆದಾಗ ಅಕ್ಕನ ಹುಬ್ಬು, ರೆಪ್ಪೆ ಎಲ್ಲ ಕೆಂಪಾಗಿತ್ತು. ಎದೆಯಿಂದ ಸುಂಯ್ ಎಂದು ಶಬ್ದ. ಎರಡು ದಿನ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು. ನನಗೆ ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುವುದು.

ಬಾಗಿಲಿನ ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿದೆ. ಮೂಲೆಗಳಿಗೆ ಟೇಪು ಸುತ್ತಿದೆ. ಒಳಗಡೆ ಹಳೆಯ ಸೀರೆ ಒದ್ದೆ ಮಾಡಿ ತೂಗುಹಾಕಿದೆ. ಸೀರೆ ಕೆಂಪಾಯಿತು, ಧೂಳು ಬಂದೇ ಬಂತು. ವಿಚಿತ್ರವೆಂದರೆ ಅದು ಮುಂದಿನಿಂದ ಬರುತ್ತಿರಲಿಲ್ಲ. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಏಳುವ ಧೂಳನ್ನು ಗಾಡಿಯೇ ಬಾಗಿಲ ಸಂದಿಯಿಂದ ಒಳಗೆಳೆದುಕೊಳ್ಳುತ್ತಿತ್ತು. ನಾಲ್ಕನೆಯ ಸಲ ಅಕ್ಕ ಕುಂದಾಪುರದ ಆಸ್ಪತ್ರೆಯಲ್ಲಿ ಒಂದು ದಿನ ಮಲಗಬೇಕಾಯಿತು. ಇನ್ನೊಮ್ಮೆ ಹೀಗಾದರೆ ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿದವಳೇ ನಾನು ಗಾಡಿಯ ಚಕ್ರಕ್ಕೆ ಒದ್ದೆ.

ಅಲ್ಲಿಂದ ಸೀದಾ ಹಂಗಾರಕಟ್ಟೆಗೆ, ಸೋದರಮಾವನ ಹತ್ತಿರ. ಮಾವ ಮರದ ದೋಣಿ ಕಟ್ಟುವವನು. ಈಗ ಎಲ್ಲರೂ ಫೈಬರಿನ ದೋಣಿ ತರುತ್ತಾರೆ, ಆದರೂ ಹಳೆಯ ದೋಣಿಯ ಸಂದಿ ಮುಚ್ಚುವುದಕ್ಕೆ ಅವನೇ ಬೇಕು. ಹಲಗೆಗಳ ನಡುವೆ ಹತ್ತಿಯ ಹುರಿ ಉಳಿಯಿಂದ ಬಡಿದು ಕೂರಿಸಿ, ಮೇಲೆ ರಾಳ ಎಣ್ಣೆಯಲ್ಲಿ ಕಾಯಿಸಿ ಮೆತ್ತುತ್ತಾನೆ. ಅವನು ಮುಚ್ಚಿದ ದೋಣಿಯಲ್ಲಿ ನೀರು ಮೊಗೆಯುವ ಕೆಲಸವೇ ಇರುವುದಿಲ್ಲ ಎಂದು ಅಳಿವೆಬಾಗಿಲಿನವರೆಗೂ ಹೆಸರು.

"ನೀರಿಗ್ ಬಿಡದವ್ ಧೂಳಿಗ್ ಬಿಡ್ತ್ಯಾ?" ಎಂದೆ. ಮಾವನಿಗೆ ಅಷ್ಟು ಹೇಳಿದರೆ ಸಾಕು.

ಐದು ದಿನ ಬಡಿದ. ಬಾಗಿಲ ಅಂಚಿಗೆ ಹುರಿ, ಗೋಡೆಯ ಕೂಡಿಕೆಗೆ ಹುರಿ, ಮೊಳೆಯ ತೂತುಗಳಿಗೆ ರಾಳ. ಆಮೇಲೆ ದೋಣಿಗೆ ಮಾಡುವ ಹಾಗೆಯೇ ಪರೀಕ್ಷೆ. ಒಳಗೆ ಬಾಗಿಲ ಹೊಸ್ತಿಲೆತ್ತರಕ್ಕೆ ನೀರು ತುಂಬಿ, ಬಾಗಿಲು ಒತ್ತಿ ಹಾಕಿ, ಸಂಜೆಯ ತನಕ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ನೋಡಿದ. ಒಂದು ಹನಿ ಬೀಳಲಿಲ್ಲ. ಎದ್ದು ಬಂದವನ ಮುಖ ಅರಳಿರಬೇಕಿತ್ತು, ಅರಳಿರಲಿಲ್ಲ. ಮಂಜಿನ ನೀರು ಹೋಗಲೆಂದು ಪೆಟ್ಟಿಗೆಯ ತಳದಲ್ಲಿ ಎರಡು ಬೆರಳು ಹೋಗುವಷ್ಟು ಒಂದು ತೂತು ಇತ್ತು. ಪರೀಕ್ಷೆಗೆಂದು ಅದಕ್ಕೆ ಬೆಣೆ ಹಾಕಿದ್ದ. ಅದನ್ನು ತೆಗೆಯಲು ಹೊರಟ.

"ಅದ್ನೂ ಮುಚ್ಚ್," ಎಂದೆ.

"ಎಂತ ಹೇಳ್ತೆ ಹೆಣ್ಣೇ? ದೋಣಿಯಾದ್ರೆ ಮೇಲೆ ಬಾಯಿ ತೆರ್ಕಂಡಿರ್ತ್. ಇದ್ಕ್ ಮೇಲೂ ಮುಚ್ಚಳ ಇತ್ತಲೆ. ಒಂದ್ ಕಿಟ್ಕಿಯಾದ್ರೂ ಕೊಯ್ವ."

"ಕಿಟ್ಕಿ ಕೊಯ್ದ್ರೆ ಧೂಳ್ ಬಪ್ದಿಲ್ಯಾ? ಡಾಕ್ಟ್ರು ಹೇಳಿದ್ ನೀನ್ ಕೇಂಡಿದ್ಯಾ? ಮುಚ್ಚ್ ಮಾರಾಯ!"

ಮಾವ ಒಮ್ಮೆ ನನ್ನ ಮುಖ ನೋಡಿದ. ನೀರೆಲ್ಲ ಬಕೆಟಿನಿಂದ ಮೊಗೆದು ಹೊರಗೆ ಹಾಕಿದೆವು. ನೀರೆಲ್ಲ ಬಕೆಟಿನಿಂದ ಮೊಗೆದು ಹೊರಗೆ ಹಾಕಿದೆವು.

ಎರಡು ದಿನ ಕಳೆದು ಹೊರಟೆವು. ಬೆಳಿಗ್ಗೆ ಬಾಗಿಲು ತೆಗೆದರೆ ರಾಳದ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಅಕ್ಕ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಹೋದಳು.

"ಈ ವಾಸ್ನಿ ನಂಗಾತಿಲ್ಲ. ಇವತ್ತ್ ಮುಂದೇ ಕೂಕಂತೆ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಇದೆಲ್ಲ ಯಾರಿಗ್ ಮಾಡ್ಸಿದ್? ನಂಗಾ? ಐದ್ ದಿನ ಆ ಮುದ್ಕ ಬೆನ್ನ್ ಮುರ್ಕಂಡ್ ಮಾಡಿದ್ದ. ಧೂಳಿದ್ರೆ ಧೂಳಾಯ್ತ್ ಅಂತೆ, ಇಲ್ದಿದ್ರೆ ವಾಸ್ನಿ ಅಂತೆ. ಎಂಥಾ ಸಾವ್ ಮಾರಾಯ್ತಿ ನಿಂದ್! ಹತ್ತ್ ಒಳ್ಗೆ."

ಅವಳು ಮೂಗಿಗೆ ಸೆರಗು ಒತ್ತಿಕೊಂಡು, ನನ್ನನ್ನು ಬೈಯುತ್ತಲೇ ಹತ್ತಿದಳು. ಚಿಲಕ ಹಾಕಿದ್ದು ನಾನೇ. ಮಾವ ಕೂರಿಸಿದ ಹುರಿಯಿಂದ ಬಾಗಿಲು ಬಿಗಿಯಾಗಿತ್ತು, ಭುಜ ಕೊಟ್ಟು ಒತ್ತಬೇಕಾಯಿತು.

ಬೈಂದೂರು ತನಕ ಹೈವೇ, ಏನೂ ಗೊತ್ತಾಗಲಿಲ್ಲ. ಒಳದಾರಿಗೆ ತಿರುಗಿದ ಮೇಲೆ ಎಂದಿನಂತೆ ಜಲ್ಲಿ, ಗುಂಡಿ, ಲಾರಿ. ಬಿಸಿಲು ನೆತ್ತಿಯ ಮೇಲೆ ಬಂದಿತ್ತು. ಸ್ಟೇರಿಂಗ್ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಆಗ ಬೆನ್ನ ಹಿಂದೆ ಬಡಿದ ಶಬ್ದ. ಒಂದು, ಎರಡು, ಮೂರು.

ಕೇಳಿಸಿತು. ಪಾತ್ರೆಯ ಶಬ್ದವಲ್ಲ, ಅಕ್ಕನದೇ. ಮಾಡು, ಇನ್ನಷ್ಟು ನಾಟಕ ಮಾಡು ಎಂದುಕೊಂಡು ಆಕ್ಸಿಲರೇಟರ್ ಒತ್ತಿದೆ. ಗಾಡಿ ಹಾರಿ ಹಾರಿ ಓಡಿತು. ಮತ್ತೆ ಮೂರು ಸಲ. ಈ ಸಲ ಎಷ್ಟು ಸಣ್ಣಗೆ ಬಂತೆಂದರೆ, ಮೂರನೆಯದು ನಿಜಕ್ಕೂ ಬಂತೋ ನಾನೇ ಎಣಿಸಿಕೊಂಡೆನೋ. ಆಮೇಲೆ ಪಾತ್ರೆಗಳ ಗಲಗಲ ಮಾತ್ರ.

ಸುಮ್ಮನಾದಳಲ್ಲ ಎಂದು ಮೊದಲು ಸಮಾಧಾನವೇ ಆಯಿತು. ಇನ್ನೊಂದು ಏರು ಹತ್ತುವಷ್ಟರಲ್ಲಿ ಆ ಸುಮ್ಮನಿರುವಿಕೆ ನನ್ನ ಬೆನ್ನಿಗೆ ತಣ್ಣಗೆ ಹತ್ತಿಕೊಂಡಿತು. ನಮ್ಮ ಅಕ್ಕ ಸುಮ್ಮನಿರುವವಳಲ್ಲ. ಬೈದರೆ ಅರ್ಧ ಗಂಟೆಯಾದರೂ ತಿರುಗಿ ಬೈಯುವವಳು. ಬ್ರೇಕ್ ಹಾಕಿದೆ. ನಮ್ಮದೇ ಧೂಳು ಹಿಂದಿನಿಂದ ಬಂದು ಗಾಡಿಯನ್ನು ಮುಚ್ಚಿತು. ಅದರೊಳಗೆ ಕಣ್ಣು ಕಾಣದೆ ಗೋಡೆ ಸವರಿಕೊಂಡು ಹಿಂದಕ್ಕೆ ಹೋದೆ. ಚಿಲಕ ಬಂತು, ಬಾಗಿಲು ಬರಲಿಲ್ಲ. ರಾಳ ಬಿಸಿಲಿಗೆ ಕರಗಿ ಅಂಟಿಕೊಂಡಿತ್ತು. ಕಾಲು ಕೊಟ್ಟು ಎಳೆದೆ, "ಅಕ್ಕಾ" ಎಂದು ಕೂಗಿದೆ, ಕೊನೆಗೆ ಜಾಕಿಯ ಸಲಾಕೆ ತಂದು ಮೀಟಿದೆ.

ಒಳಗೆ ಒಂದು ಚೂರೂ ಧೂಳಿರಲಿಲ್ಲ. ಬೆಳಿಗ್ಗೆ ಹಾಸಿದ ಬಿಳಿ ಹಾಸು ಬೆಳ್ಳಗೇ ಇತ್ತು. ಬಿಸಿಯೂ ರಾಳದ ಘಾಟೂ ಸೇರಿ ನನಗೇ ಉಸಿರು ಕಟ್ಟಿತು. ಅಕ್ಕ ನೆಲದಲ್ಲಿ ಬೋರಲಾಗಿ ಬಿದ್ದಿದ್ದಳು, ತಳದ ತೂತಿಗೆ ಬಾಯಿ ಕೊಟ್ಟುಕೊಂಡು. ತಲೆಯ ಪಿನ್ನು ತೆಗೆದು ರಾಳ ಕೆರೆದು ಹತ್ತಿಯನ್ನು ಎಳೆ ಎಳೆಯಾಗಿ ಕಿತ್ತಿದ್ದಳು. ಬೆರಳ ತುದಿಗಳಲ್ಲಿ ರಕ್ತ. ತುಟಿ ನೀಲಿ, ತುಟಿಯ ಸುತ್ತ ಆ ತೂತಿನಿಂದ ಬಂದ ಕೆಂಪು ಧೂಳು. ಖಾಲಿಯಾದ ಪಂಪು ಮಂಚದ ಕೆಳಗೆ ಉರುಳಿತ್ತು.

ಅವಳನ್ನು ಎತ್ತಿ ಮುಂದಿನ ಸೀಟಿಗೆ ಹಾಕಿದ್ದು ಹೇಗೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಕಿಟಕಿ ಎರಡೂ ತೆರೆದು, ಅದೇ ಧೂಳಿನಲ್ಲಿ, ಹಾರ್ನ್ ಮೇಲಿಂದ ಕೈ ತೆಗೆಯದೆ ತಿರುಗಿ ಕುಂದಾಪುರದ ಆಸ್ಪತ್ರೆಗೆ ಬಂದೆ. ಬದುಕಿದಳು. ಮೂರು ದಿನ ಮೂಗಿಗೆ ಆಕ್ಸಿಜನ್. ಹೊಸ ರಾಳದ ಘಾಟು ಉಬ್ಬಸದವರಿಗೆ ವಿಷದಂತೆ, ಅದೂ ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಎಂದು ಡಾಕ್ಟರು ಬೈದರು. ಹೊರಗಿನ ಬೆಂಚಿನಲ್ಲಿ ಮಾವ ಕೂತು ತನ್ನ ಎರಡೂ ಅಂಗೈ ನೋಡಿಕೊಂಡು ಅಳುತ್ತಿದ್ದ. "ನನ್ ಕೈಯೇ ತೆಗ್ದಿತ್ ಅವ್ಳ್ ಉಸ್ರ್. ಆ ತೂತ್ ನಾನ್ ಮುಚ್ಚೂಕ್ ಬಾರ್ದಿತ್." ಮುಚ್ಚು ಎಂದವಳು ನಾನು, ಬಡಿದರೂ ನಿಲ್ಲಿಸದವಳು ನಾನು. ಬಾಯಿಬಿಡಲಿಲ್ಲ. ಆ ಜಲ್ಲಿಯಲ್ಲಿ ಏನೂ ಕೇಳಿಸಲಿಲ್ಲ ಎಂದು ಡಾಕ್ಟರಿಗೂ ಹೇಳಿದೆ, ಮಾವನಿಗೂ ಹೇಳಿದೆ, ನೋಡಲು ಬಂದ ನೆಂಟರಿಗೆಲ್ಲ ಹೇಳಿದೆ. ಹೇಳಿ ಹೇಳಿ ಅದು ಸಲೀಸಾಯಿತು. ಮಾವ ಅಂದಿನಿಂದ ಉಳಿ ಮುಟ್ಟಲಿಲ್ಲ. ದೋಣಿಯವರು ಕರೆಯಲು ಬಂದರೆ ಮೈಯಲ್ಲಿ ಹುಷಾರಿಲ್ಲ ಎಂದು ಕಳಿಸುತ್ತಿದ್ದ.

ಮಳೆಗಾಲ ಕಳೆದ ಮೇಲೆ ಗಾಡಿಯನ್ನು ಗ್ಯಾರೇಜಿಗೆ ಕೊಟ್ಟೆ. ಬಾಗಿಲಿನ ಒಳಗೊಂದು ಚಿಲಕ, ಚಾವಣಿಯ ಮುಂಭಾಗದಲ್ಲಿ ಬಟ್ಟೆ ಬಿಗಿದ ಒಂದು ಗಾಳಿಗಿಂಡಿ. ಮುಂದಿನಿಂದ ಗಾಳಿ ಒಳಗೆ ನುಗ್ಗಿ ತುಂಬಿಕೊಂಡಿದ್ದರೆ ಹಿಂದಿನ ಧೂಳಿಗೆ ಒಳಗೆ ಬರಲು ಜಾಗವಿರುವುದಿಲ್ಲವಂತೆ. ಇಷ್ಟೇ ಸಾಕಿತ್ತು. ಆದರೂ ಮತ್ತೆ ವ್ಯಾಪಾರಕ್ಕೆ ಹೊರಟಾಗ ಅಕ್ಕ ಹಿಂದೆ ಕೂರಲಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಕೂತಳು. ಆ ದಿನದ ಬಗ್ಗೆ ಅವಳು ಒಂದು ಮಾತೂ ಕೇಳಿರಲಿಲ್ಲ. ಕೇಳದಿದ್ದುದರಿಂದಲೇ ನನಗೆ ಅವಳ ಪಕ್ಕದಲ್ಲಿ ಮೈ ಬಿಗಿಯುತ್ತಿತ್ತು.

ಅದೇ ಏರಿನ ಹತ್ತಿರ ಬಂದಾಗ ಅವಳು ಬಟ್ಟೆ ಕೆಳಗೆ ಸರಿಸಿದಳು. ರಸ್ತೆ ಇನ್ನೂ ಹಾಗೆಯೇ ಇತ್ತು.

"ಮಾವ ಕೆಲ್ಸ ಬಿಟ್ ಕೂಕಂಡಿದ್ದ. ಅವ್ನಿಗ್ ನೀನ್ ಹೇಳೂದ್ ಯಾವಾಗ?"

"ಎಂತ ಹೇಳೂದ್?" ಎಂದೆ. "ನಂಗೆಂತ ಕೇಂಡಿತ್? ಈ ಜಲ್ಲಿ ಮೇಲೆ..."

ಅವಳಿಗೆ ಸಿಟ್ಟು ಬಂದಿರಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಿಂಗ್ ಕೇಂಡಿದ್ ನಂಗ್ ಗೊತ್ತಿತ್," ಎಂದಳು. "ನಾನ್ ಬಡ್ದ್ ಕೂಡ್ಲೆ ಗಾಡಿ ಜೋರಾಯ್ತಲೆ."