ಮಧ್ವರಾಜನ ಸಾರಿನ ಬಕೆಟ್ಟು

ಮದರಾಸಿನಲ್ಲಿ ಕೋಟೆ ಆಳಿದವರಿಗೆ, ಬಂದರು ಕಟ್ಟಿದವರಿಗೆ, ಸುಮ್ಮನೆ ಕುದುರೆಯ ಮೇಲೆ ಕೂತವರಿಗೂ ಪ್ರತಿಮೆಗಳಿವೆ. ಒಂಬತ್ತು ವರ್ಷ ಕಾಲ ಈ ಊರಿನ ಕನ್ನಡದವರ ಮದುವೆ, ಮುಂಜಿ, ನಾಮಕರಣಗಳಲ್ಲಿ ಒಂದು ತೊಟ್ಟೂ ಚೆಲ್ಲದೆ ಸಾರು ಬಡಿಸಿದ ಮಧ್ವರಾಜನಿಗೆ ಮಾತ್ರ ಏನೂ ಇಲ್ಲ. ಅವನಿಗೂ ಒಂದು ಗೌರವ ಸಲ್ಲಲೇಬೇಕೆಂದು ಸೊಂಟ ಕಟ್ಟಿ ಹೊರಟವನು ನಾನೇ. ನಾನು ಹೊರಡದೆ ಮನೆಯಲ್ಲಿ ಬಿದ್ದುಕೊಂಡಿದ್ದರೆ ಅವನು ಇವತ್ತಿಗೂ ಬಡಿಸುತ್ತಿದ್ದ.

ನಾವಿಬ್ಬರೂ ತಿರುವಲ್ಲಿಕ್ಕೇಣಿಯ ಒಂದೇ ಬೀದಿಯಲ್ಲಿ ಬೆಳೆದವರು. ಇಬ್ಬರ ಅಜ್ಜಂದಿರೂ ಯಾವ ಕಾಲದಲ್ಲೋ ಬಳ್ಳಾರಿ ಕಡೆಯಿಂದ ಗುಮಾಸ್ತಿಕೆ ಹುಡುಕಿಕೊಂಡು ಬಂದು ಇಲ್ಲೇ ನೆಲೆಸಿದ್ದರು. ನಾನು ಹುಟ್ಟಾ ಬಾಯಿಬಡುಕ. ಅವನು ನಾಲ್ಕು ಜನ ಇದ್ದ ಕಡೆ ಬಾಯಿ ಬಿಡಲಾರ. ಶಾಲೆಯಲ್ಲಿ ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸಾರ್’ ಎನ್ನಲು ಧ್ವನಿ ಹೊರಡದೆ, ಮೊದಲ ಬೆಂಚಿನಲ್ಲಿ ಕೂತಿದ್ದೂ ಗೈರುಹಾಜರಿ ಹಾಕಿಸಿಕೊಂಡ ಮಹಾಪುರುಷ. ದೊಡ್ಡವನಾಗಿ ರೈಲ್ವೆ ಕಚೇರಿ ಸೇರಿದ ಮೇಲೂ ಅಷ್ಟೆ. ಬಸ್ಸಿನಲ್ಲಿ ಇಳಿಯಬೇಕಾದರೆ ಕಂಡಕ್ಟರಿಗೆ ಹೇಳಬೇಕು, ಹೇಳಿದರೆ ಬಸ್ಸೇ ತಿರುಗಿ ನೋಡುತ್ತದೆ. ಆದ್ದರಿಂದ ಬೇರೆಯವರು ಇಳಿಯುವ ಕಡೆ ತಾನೂ ಇಳಿಯುತ್ತಿದ್ದ. ಒಮ್ಮೆ ತಂಡಯಾರಪೇಟೆಯ ಚಿಕ್ಕಮ್ಮನ ಮನೆಗೆಂದು ಹೊರಟವನು, ಅಲ್ಲಿ ಯಾರೂ ಇಳಿಯದ ಕಾರಣ ಇನ್ನೂ ಮೈಲಿಗಟ್ಟಲೆ ಆಚೆಯ ಎಣ್ಣೂರಿನವರೆಗೂ ಹೋಗಿ, ಅಲ್ಲಿನ ಬೆಸ್ತರ ದೋಣಿಗಳನ್ನು ಎಣಿಸಿಕೊಂಡು ನಡೆದೇ ವಾಪಸು ಬಂದ. ಈ ದಂಡಯಾತ್ರೆಯ ಕಥೆಯನ್ನು ನಾನು ಬೀದಿಗೆಲ್ಲ ಅಭಿನಯ ಸಮೇತ ಹೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಆಮೇಲೆ ಹದಿನೈದು ದಿನ ಅವನು ಮನೆಯಿಂದ ಆಫೀಸಿಗಲ್ಲದೆ ಬೇರೆಲ್ಲಿಗೂ ಹೊರಡಲಿಲ್ಲ ಎಂಬುದನ್ನು ನಾನು ಕಥೆಗೆ ಸೇರಿಸಲಿಲ್ಲ.

ಅವನಿಗೆ ಆಗಾಗ ಮಂಕು ಹಿಡಿಯುತ್ತಿತ್ತು. ಜ್ವರವಿಲ್ಲ, ನೋವಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದನೆಂದರೆ ಕಾಫಿಗೂ ಏಳುತ್ತಿರಲಿಲ್ಲ. ಮನೆಯಲ್ಲಿ ಇದ್ದವಳು ಅಕ್ಕ ರಮಾಬಾಯಿ ಒಬ್ಬಳೇ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ‘ಏಳೋ, ಹಲ್ಲಾದರೂ ಉಜ್ಜು’ ಎಂದು ಅವಳು ಬಾಗಿಲಲ್ಲಿ ನಿಂತು ಕೂಗುವುದು ಬೀದಿಗೆ ಕೇಳುತ್ತಿತ್ತು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಮಾಂಬಲದ ಛತ್ರವೊಂದರಲ್ಲಿ ನಮ್ಮ ಪೈಕಿಯವರ ಮದುವೆ. ನಾನೇ ಅವನನ್ನು ಎಳೆದುಕೊಂಡು ಹೋಗಿ ಪಂಕ್ತಿಯ ನಟ್ಟನಡುವೆ ಕೂರಿಸಿದೆ. ಎಲೆಗೆ ಅನ್ನ ಬಿತ್ತು. ಮಧ್ವರಾಜ ತುತ್ತು ಕಲಸಿ ಎತ್ತಿದ. ಕೈ ಗಡಗಡ ನಡುಗಿ ತುತ್ತು ಎದೆಯ ಮೇಲೆ ಬಿತ್ತು. ಎದುರು ಸಾಲಿನ ಮುದುಕರೊಬ್ಬರು, ‘ಯಾಕಪ್ಪಾ, ಮೈಗೆ ಸರಿಯಿಲ್ಲವೇ?’ ಎಂದು ಇಡೀ ಛತ್ರಕ್ಕೆ ಕೇಳುವಂತೆ ಕರುಣೆ ತೋರಿಸಿದರು. ಎರಡೂ ಸಾಲುಗಳು ಬಗ್ಗಿ ನೋಡಿದವು. ಪಂಕ್ತಿಯ ಮಧ್ಯೆ ಏಳುವುದು ನಮ್ಮಲ್ಲಿ ಮಹಾಪರಾಧ. ಅವನು ಎದ್ದೇಬಿಟ್ಟ. ಕೈ ತೊಳೆದು ಹಿತ್ತಲ ಬಾಗಿಲಿಂದ ಓಡುವವನಿದ್ದ. ಅಡುಗೆಮನೆಯನ್ನು ದಾಟಿ ಹೋಗಬೇಕಾಗಿತ್ತು, ಅಲ್ಲಿ ಅಡುಗೆಯ ಗುಂಡಣ್ಣ ಇದ್ದ.

ಗುಂಡಣ್ಣನೆಂದರೆ ಐನೂರು ಎಲೆಗೆ ಒಬ್ಬನೇ ಸೇನಾಪತಿ. ಅವತ್ತು ಬಡಿಸುವವರಲ್ಲಿ ಇಬ್ಬರು ಕೈಕೊಟ್ಟಿದ್ದರು. ಮಡಿಪಂಚೆ ಉಟ್ಟು ನಿಂತ ಮಧ್ವರಾಜನನ್ನು ನೋಡಿ, ‘ಏನ್ ಪಾ, ಕಂಬದ ಹಾಗೆ ನಿಂತಿದೀಯೆ? ಸೀಕ್ರಂ, ಸೀಕ್ರಂ! ಸಾರು ಎತ್ತು!’ ಎಂದು ಹಿತ್ತಾಳೆ ಬಕೆಟ್ಟನ್ನು ಕೈಗೆ ತುರುಕಿ, ಬೆನ್ನಿಗೆ ಕೈ ಹಾಕಿ ರಣರಂಗಕ್ಕೆ ದೂಡಿದ.

ನಾನು ಪಂಕ್ತಿಯಲ್ಲಿ ಕೂತೇ ನೋಡಿದೆ. ಮಧ್ವರಾಜ ಬರುತ್ತಿದ್ದಾನೆ, ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು, ಬಾಯಲ್ಲಿ ‘ಸಾರು... ಸಾರು...’. ಕೈ ನಡುಗುತ್ತಿಲ್ಲ! ಅನ್ನದ ಗುಂಡಿಗೆ ಸರಿಯಾಗಿ ಒಂದು ಸೌಟು, ಎಲೆಯ ಅಂಚು ದಾಟಿ ಪಕ್ಕದವರ ಪಂಚೆಗೆ ಹರಿಯದಂತೆ. ನನ್ನೆದುರು ಬಂದಾಗ ಕಣ್ಣು ಹೊಡೆದೆ. ಅವನು ನನ್ನ ಎಲೆಯನ್ನಷ್ಟೇ ನೋಡಿ ಮುಂದೆ ಹೋದ.

ಸಂಜೆ ಕಡಲ ಮರಳಿನ ಮೇಲೆ ಕೂತು ಕೇಳಿದೆ. ‘ಅದು ಹ್ಯಾಗೋ?’

‘ಊಟಕ್ಕೆ ಕೂತವರು ಬಡಿಸೋನ ಮುಖ ನೋಡೋದಿಲ್ಲ ಕಿಟ್ಟೂ. ಸೌಟು ನೋಡ್ತಾರೆ,’ ಅಂದ. ಅಷ್ಟು ಉದ್ದದ ಮಾತನ್ನು ಅವನು ಆಡಿದ್ದು ಆ ತಿಂಗಳಲ್ಲಿ ಅದೇ ಮೊದಲು.

ಅಲ್ಲಿಂದ ದಿಗ್ವಿಜಯ ಶುರುವಾಯಿತು. ಮಾಂಬಲ, ಮೈಲಾಪುರ, ಪುರಸವಾಕಂ, ಎಲ್ಲೆಲ್ಲಿ ನಮ್ಮವರ ಅಡುಗೆಯ ಹೊಗೆ ಎದ್ದಿತೋ ಅಲ್ಲೆಲ್ಲ ಮಧ್ವರಾಜ. ಗುಂಡಣ್ಣ ಅವನಿಗಾಗಿ ಆ ಬಕೆಟ್ಟನ್ನು ಹುಣಿಸೆಹಣ್ಣಿನಲ್ಲಿ ಬೇರೆಯಾಗಿ ತಿಕ್ಕಿಸಿಡುತ್ತಿದ್ದ. ಯಾರಿಗೆ ತಿಳಿ ಬೇಕು, ಯಾರಿಗೆ ತಳದ ಬೇಳೆ ಬೇಕು, ಯಾವ ರಾಯರು ಬೇಡ ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಸುರಿಸಿಕೊಳ್ಳುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಕೊನೆಗೆ ಬಡಿಸಿದವರೆಲ್ಲ ಅಡುಗೆಮನೆಯ ಮೂಲೆಯಲ್ಲಿ ಉಣ್ಣುವಾಗ ಅವನೂ ಕೂತು, ಗೋಡೆ ನೋಡಿಕೊಂಡು, ನಡುಗದೆ ಉಣ್ಣುತ್ತಿದ್ದ. ಗುಂಡಣ್ಣನ ಜೊತೆ ಒಂದೆರಡು ತಮಾಷೆಯನ್ನೂ ಆಡುತ್ತಿದ್ದನಂತೆ. ನಾನು ನಂಬಲಿಲ್ಲ.

ಲಗ್ನಪತ್ರಿಕೆಗಳನ್ನು ರಮಾಬಾಯಿ ಅವನ ಹಾಸಿಗೆಯ ಪಕ್ಕದ ಗೋಡೆಗೆ ತಾರೀಕಿನ ಪ್ರಕಾರ ಸಿಕ್ಕಿಸುತ್ತಿದ್ದಳು. ‘ಮಂಕು ಹಿಡಿದಾಗ ನಾನೇನೂ ಕೂಗೋದಿಲ್ಲ ಈಗ,’ ಅಂದಳು ಒಮ್ಮೆ. ‘ನಾಡಿದ್ದು ಮುಹೂರ್ತ ಇದೆಯಲ್ಲೋ ಅಂತೀನಿ. ತಾನೇ ಎದ್ದು ಸ್ನಾನ ಮಾಡ್ತಾನೆ.’ ಮದುವೆಗಳಿಲ್ಲದ ಆಷಾಢ ಬಂದರೆ ಅವಳು ನಮ್ಮ ಮನೆಗೆ ಓಡಿಬರುವಳು. ‘ಕಿಟ್ಟು, ಯಾರದ್ದಾದರೂ ಮಗೂಗೆ ಹೆಸರಿಡೋದಿದ್ದರೆ ನೋಡೋ’ ಎಂದು ನನ್ನನ್ನು ಕೇಳಿಕೊಳ್ಳುವಳು. ನಾನು, ‘ಈ ತಿಂಗಳು ಯಾರೂ ಹೆತ್ತಿಲ್ಲಕ್ಕಾ, ಬೈದು ಕಳಿಸಲಾ?’ ಎನ್ನುವೆನು. ಅಂದರೆ ಆ ಬಕೆಟ್ಟು ಅವನಿಗೆ ಏನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಅರವತ್ತೆರಡರಲ್ಲಿ ನಮ್ಮ ಕನ್ನಡ ಸಂಘಕ್ಕೆ ಹತ್ತು ವರ್ಷ ತುಂಬಿತು. ನಿವೃತ್ತ ಬ್ಯಾಂಕ್ ಅಧಿಕಾರಿ ಕಮಲಾಕರರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಯಾರನ್ನಾದರೂ ಸನ್ಮಾನಿಸಬೇಕು. ಇಂಥ ಸಂಘಗಳಿಗೆ ಮೂರು ತಿಂಗಳಿಗೊಮ್ಮೆ ಶಾಲು ಹೊದಿಸದಿದ್ದರೆ ಮೈ ಕಡಿಯುತ್ತದೆ. ನಾನು ಎದ್ದು ಮಧ್ವರಾಜನ ಹೆಸರು ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಅವನಿಗೆ ತಿಳಿಸದೆ, ಊಟದ ನಡುವೆಯೇ ಮಾಡಿಬಿಡೋಣ ಎಂದೂ ನಾನೇ ಸೇರಿಸಿದೆ. ‘ಸರ್ಪ್ರೈಸ್! ಭೇಷ್!’ ಎಂದರು ಕಮಲಾಕರರು.

ಗುಟ್ಟನ್ನು ರಮಾಬಾಯಿಗೆ ಮಾತ್ರ ಹೇಳಿದೆ, ಅವಳು ಹಿಗ್ಗಲಿ ಎಂದು. ಅವಳು ಹಿಗ್ಗಲಿಲ್ಲ.

‘ಅವನನ್ನ ಕೇಳಿದಿಯಾ?’

‘ಕೇಳಿದರೆ ಬೇಡ ಅಂತಾನಕ್ಕಾ. ಅದಕ್ಕೇ ಕೇಳಿಲ್ಲ.’

‘ಬೇಡ ಅಂತಾನೆ ಅಂತ ಗೊತ್ತಿದ್ದೂ ಮಾಡ್ತೀಯಾ?’

‘ಅಯ್ಯೋ, ಆ ಕ್ಷಣ ದಾಟಿದರೆ ಸರಿಹೋಗತ್ತೆ. ನೀರಿಗೆ ದೂಡಿದರೆ ತಾನೇ ಈಜು ಬರೋದು?’ ಎಂದು ನಕ್ಕೆ. ಎಣ್ಣೂರಿನ ಕಥೆಗೆ ನಕ್ಕ ಹಾಗೇ ನಕ್ಕೆ. ಅವಳು ಸೊಪ್ಪು ಸೋಸುತ್ತಿದ್ದವಳು ಮತ್ತೆ ತಲೆ ಎತ್ತಲಿಲ್ಲ.

ಸಮಾರಂಭದ ಭಾನುವಾರ ಮಧ್ಯಾಹ್ನ, ಛತ್ರದಲ್ಲಿ ಇನ್ನೂರು ಎಲೆ. ಮಧ್ವರಾಜ ಎರಡನೇ ಸಲದ ಸಾರಿಗೆ ಬಂದ. ಮಧ್ಯದ ಸಾಲಿಗೆ ತಲುಪಿದಾಗ ನಾನು ಚಪ್ಪಾಳೆ ತಟ್ಟಿದೆ. ಇಬ್ಬರು ಗಟ್ಟಿಮುಟ್ಟಾದ ತರುಣರು ಎರಡೂ ಕಡೆಯಿಂದ ಬಂದು ಅವನ ಕೈಯಿಂದ ಬಕೆಟ್ಟನ್ನೂ ಸೌಟನ್ನೂ ಕಿತ್ತುಕೊಂಡರು. ಕಳ್ಳರೆಂದು ತಿಳಿದನೋ ಏನೋ, ಒಂದು ಕ್ಷಣ ಬಿಡದೆ ಹಿಡಿದುಕೊಂಡಿದ್ದ. ಜನ ನಕ್ಕರು. ರಂಗೋಲಿ ಹಾಕಿದ ಮಣೆಯ ಮೇಲೆ ಕೂರಿಸಿ, ಮುಂದೆ ಎಲೆ ಹಾಕಿ, ಮೈಸೂರಿನಿಂದ ತರಿಸಿದ ಗಂಧದ ಹಾರ ತೊಡಿಸಿ, ಶಾಲು ಹೊದಿಸಿದರು. ‘ಇಷ್ಟು ವರ್ಷ ಅವರು ಬಡಿಸಿದರು, ನಾವು ಉಂಡೆವು. ಇವತ್ತು ನಾವು ಬಡಿಸ್ತೀವಿ, ಅವರು ಉಣ್ಣಲಿ, ಎಲ್ಲರೂ ನೋಡೋಣ!’ ಎಂದು ಕಮಲಾಕರರು ಘೋಷಿಸಿದರು.

ನಾನು ಬಿನ್ನವತ್ತಳೆ ಓದಿದೆ. ನನ್ನ ಬರವಣಿಗೆಯ ಪರಾಕಾಷ್ಠೆ ಅದು. ‘ಸಾರಸಮುದ್ರವನ್ನು ಸೌಟಿನಿಂದ ಅಳೆದ ಧೀರ, ಪಂಕ್ತಿಧುರಂಧರ’ ಎಂಬ ಬಿರುದು ಕೊಟ್ಟಾಗ ಸಭೆ ಎರಡು ಸಲ ‘ಮತ್ತೊಮ್ಮೆ!’ ಎಂದು ಕೂಗಿತು. ಓದುತ್ತ ಓದುತ್ತ ಒಮ್ಮೆ ಅವನ ಕಡೆ ನೋಡಿದೆ. ಅವನ ಬಲಗೈ ತೊಡೆಯ ಮೇಲೆ ಇತ್ತು, ಇನ್ನೂ ಸೌಟು ಹಿಡಿದ ಹಾಗೆಯೇ ಮುಷ್ಟಿ ಕಟ್ಟಿಕೊಂಡು ನಡುಗುತ್ತಿತ್ತು. ನಾನು ಓದುವುದನ್ನು ನಿಲ್ಲಿಸಬಹುದಾಗಿತ್ತು. ಒಳ್ಳೆಯ ವಾಕ್ಯಗಳು ಇನ್ನೂ ನಾಲ್ಕು ಬಾಕಿ ಇದ್ದವು. ಓದಿದೆ.

‘ಎರಡು ಮಾತು! ಎರಡು ಮಾತು!’ ಎಂದು ಕೂಗೆದ್ದಿತು. ಯಾರೋ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಇನ್ನೂರು ಮುಖಗಳು ಅವನನ್ನೇ ನೋಡುತ್ತಿದ್ದವು. ಅವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಜನರೆದುರು ಅವನಿಗೆ ಅಭ್ಯಾಸವಿದ್ದ ಮಾತು ಒಂದೇ. ಅದೇ ಬಂತು.

‘ಸಾರು...’ ಅಂದ.

ಛತ್ರದ ಹೆಂಚು ಹಾರುವಂತೆ ಜನ ನಕ್ಕರು. ಪ್ರೀತಿಯಿಂದಲೇ ನಕ್ಕರು, ಅದಕ್ಕೆ ನಾನು ಸಾಕ್ಷಿ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮಧ್ವರಾಜ ಮಣೆಯಿಂದ ಇಳಿದು ಅಡುಗೆಮನೆಗೆ ನಡೆದ. ಬಕೆಟ್ಟು ತರಲು ಹೋದನೆಂದು ಜನ ಇನ್ನಷ್ಟು ನಕ್ಕರು. ಅವನು ಹಾರವನ್ನೂ ಶಾಲನ್ನೂ ಮಡಿಸಿ ಒರಳುಕಲ್ಲಿನ ಮೇಲಿಟ್ಟು, ಹಿತ್ತಲ ಬಾಗಿಲಿನಿಂದ ಹೊರಟುಹೋದ. ಆಮೇಲೆ ಒಳಗೆ ಬಂದ ನನಗೆ ಗುಂಡಣ್ಣ ಶಾಲನ್ನು ತೋರಿಸಿ, ‘ಇದನ್ನ ನೀವೇ ಹೊದ್ಕೊಳ್ಳಿ ಸಾಮಿ,’ ಅಂದ.

ಮುಂದಿನ ಮುಹೂರ್ತಕ್ಕೆ ಪತ್ರಿಕೆ ಹಿಡಿದು ನಾನೇ ಅವನ ಮನೆಗೆ ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದ. ‘ಏಳಯ್ಯಾ ಧುರಂಧರ’ ಅಂದೆ. ಗೋಡೆ ನೋಡಿಕೊಂಡೇ ಹೇಳಿದ.

‘ಈಗ ಅವರು ನನ್ನ ಮುಖ ನೋಡ್ತಾರೆ ಕಿಟ್ಟೂ.’

ಅಷ್ಟೆ. ಪತ್ರಿಕೆಯನ್ನು ದಿಂಬಿನ ಪಕ್ಕ ಇಟ್ಟು ಎದ್ದು ಬಂದೆ. ಅವನು ನಾಲ್ಕು ತಿಂಗಳು ಸಂಬಳವಿಲ್ಲದ ರಜೆಯ ಮೇಲಿದ್ದ. ಕೀಲ್ಪಾಕಿನ ಡಾಕ್ಟರೊಬ್ಬರ ಹತ್ತಿರ ರಮಾಬಾಯಿಯೂ ನಾನೂ ಕರೆದುಕೊಂಡು ಹೋದೆವು. ಒಳ್ಳೆಯ ಮನುಷ್ಯ, ಗುಳಿಗೆ ಬರೆದುಕೊಟ್ಟು, ‘ಹೀಗೆ ಒಂಟಿಯಾಗಿ ಬಿಡಬೇಡಿ ಅಮ್ಮಾ, ನಾಲ್ಕು ಜನರ ಮಧ್ಯೆ ಇವರಿಗೆ ಏನಾದರೂ ಒಂದು ಕೆಲಸ ಇರಲಿ,’ ಎಂದರು.

‘ಇತ್ತು ಡಾಕ್ಟರೇ,’ ಅಂದಳು ರಮಾಬಾಯಿ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಗುಳಿಗೆಯಿಂದ ಕೈ ನಡುಕ ಸ್ವಲ್ಪ ಇಳಿಯಿತು. ಕಚೇರಿಗೆ ಹೋಗಲಾರಂಭಿಸಿದ. ಗುಂಡಣ್ಣ ಎರಡು ಸಲ ಮನೆಗೇ ಬಂದು ಕರೆದ. ಮೂರನೆಯ ಸಲ ಬರಲಿಲ್ಲ. ಗೋಡೆಯ ಮೇಲೆ ಪತ್ರಿಕೆಗಳು ಇಲ್ಲವಾದವು.

ಅರವತ್ತಾರರಲ್ಲಿ ನನ್ನ ಮಗಳು ವಾಸಂತಿಯ ಮದುವೆ, ಅವನ ಮನೆಯಿಂದ ಎರಡೇ ಬೀದಿ ಆಚೆಯ ಛತ್ರದಲ್ಲಿ. ರಮಾಬಾಯಿ ಬಂದಳು, ಅವನು ಬರಲಿಲ್ಲ. ಮೂರನೇ ಪಂಕ್ತಿ ಎದ್ದ ಮೇಲೆ ಬೀಗರನ್ನು ಹೆಂಡತಿಯ ಪಾಲಿಗೆ ಬಿಟ್ಟು, ಕ್ಯಾರಿಯರಿಗೆ ಎಲ್ಲ ತುಂಬಿಸಿಕೊಂಡು ನಾನೇ ಹೊರಟೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಉರುಹೊಡೆದೆ. ತಪ್ಪಾಯ್ತು ಕಣೋ. ಎರಡೇ ಪದ. ಇನ್ನೂರು ಜನರೆದುರು ಮುಕ್ಕಾಲು ಗಂಟೆ ಮಾತಾಡುವವನಿಗೆ ಅದೇನು ಮಹಾ!

ಮಧ್ವರಾಜ ಬಾಗಿಲು ತೆರೆದ. ಕೂದಲು ನೆರೆತಿತ್ತು. ಕ್ಯಾರಿಯರನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

‘ಎಷ್ಟು ಪಂಕ್ತಿ ಆಯ್ತು?’

‘ಮೂರು. ಇನ್ನೊಂದಿದೆ.’

‘ಸಾರು ಯಾರು?’

‘ಯಾರೋ ಹೊಸಬರು. ಮೊದಲನೇ ಪಂಕ್ತಿಯಲ್ಲೇ ಬೀಗರ ಮಡಿಲಿಗೆ ಅಭಿಷೇಕ ಆಯ್ತು,’ ಅಂದೆ. ಸುಳ್ಳು, ಅವನು ನಗಲೆಂದು ಹೇಳಿದೆ.

ಅವನು ನಗಲಿಲ್ಲ. ‘ಬಿಸಿ ಇತ್ತಾ? ಸುಟ್ಟಿತಾ?’ ಎಂದು ಗಾಬರಿಯಿಂದ ಕೇಳಿದ.

‘ಇಲ್ಲವೋ, ತಮಾಷೆಗೆ ಅಂದೆ.’

‘ಓ,’ ಅಂದ. ನಾವಿಬ್ಬರೂ ಹೊಸಿಲಿನ ಎರಡು ಕಡೆ ನಿಂತಿದ್ದೆವು. ನನ್ನ ಬಾಯಿ ತೆರೆಯಿತು, ಮುಚ್ಚಿತು. ಅವನು ಕಾದ. ಆಮೇಲೆ, ‘ಹೋಗು ಕಿಟ್ಟೂ, ಹೆಣ್ಣಿನ ಅಪ್ಪ ಹೀಗೆ ಬರಬಾರದು,’ ಎಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿದ.

ಛತ್ರದಲ್ಲಿ ರಮಾಬಾಯಿ ಹೆಂಗಸರ ಕೋಣೆಯ ಬಾಗಿಲಲ್ಲೇ ಕಾದಿದ್ದಳು.

‘ತಗೊಂಡನಾ?’

‘ತಗೊಂಡ.’

‘ಏನಾದರೂ ಹೇಳಿದಿಯಾ ಅವನಿಗೆ?’

ಒಳಗಿಂದ ಯಾರೋ ಕೊನೇ ಪಂಕ್ತಿಗೆ ಎಲೆ ಹಾಕಿದೆ ಬನ್ನಿ ಎಂದು ಕರೆದರು.

‘ಇಲ್ಲಕ್ಕಾ,’ ಅಂದೆ.