ಕಾಜಾ ಅಕ್ಕನ ಪಾಲು

ಗಂಡನ ಟೈಲರ್ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಗುಂಡಿ ತೂರಿಸುವ ಕಾಜಾ ಹೊಲಿದವಳು ನಮ್ಮ ಬೀದಿಯ ಕಾಜಾ ಅಕ್ಕ. ವಿಚ್ಛೇದನದ ಮಾತುಕತೆಯಲ್ಲಿ ಗಂಡನ ವಕೀಲರು, "ಅಂಗಡಿ ಅವರ ಹೆಸರಲ್ಲಿದೆ. ನಿಮ್ಮದೇನಿದೆಯಮ್ಮ ಅದರಲ್ಲಿ?" ಎಂದರು.

"ನೀವು ಹಾಕಿರೋ ಅಂಗಿ ನಮ್ಮಂಗಡೀದೇ. ಕಾಜಾ ನೋಡಿ, ಒಂದೊಂದೂ ನಾನು ಹೊಲ್ದಿದ್ದು."

ವಕೀಲರ ಕೈ ತಾನಾಗಿ ಅಂಗಿಯ ಗುಂಡಿಯತ್ತ ಹೋಯಿತು. ಗಂಡ ತಲೆಯೆತ್ತದೆ, "ಅರ್ಧ ಅವಳಿಗೆ ಬರೀರಿ," ಎಂದ.

ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಿಗ್ಗೆ ಅಕ್ಕ ಎದ್ದವಳೇ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟಳು. ಗಂಡನ ಕಣ್ಣು ಮಂಜಾದಾಗಿನಿಂದ ಅವನಿಗಾಗಿ ದಿನವೂ ಮಾಡುತ್ತಿದ್ದ ಕೆಲಸವದು. ಹತ್ತನೆಯದನ್ನು ಚುಚ್ಚಿದ ಮೇಲೆ ನೆನಪಾಯಿತು.

"ಹಾಳಾದ ಕೈ," ಎಂದು ಬೈದುಕೊಂಡಳೇ ಹೊರತು, ಒಂದು ಸೂಜಿಯ ದಾರವನ್ನೂ ಎಳೆದು ತೆಗೆಯಲಿಲ್ಲ.